ಎಣ್ಣೆ ತಣಿಯುವ ದಾರಿ

“ತಪ್ಪು ತಿಳ್ಕೊಬೇಡಿ ಅಮ್ಮಾ. ನೀವು ಎಡಗಾಲು ಬ್ರೇಕಿನ ಮೇಲೆ ಇಟ್ಟುಕೊಂಡೇ ಗಾಡಿ ಓಡಿಸ್ತೀರಿ. ಆಟೊಮ್ಯಾಟಿಕ್ ತಗೊಂಡ ಹೆಂಗಸರು ತುಂಬ ಜನ ಹೀಗೇ ಮಾಡೋದು. ಗೇರ್‌ಬಾಕ್ಸ್ ಕಾದುಹೋಗಿರೋದು ಅದಕ್ಕೇ.”

ಅಣ್ಣಾ ನಗರದ ಸರ್ವೀಸ್ ಸೆಂಟರಿನಲ್ಲಿ ಅರವಿಂದ್ ಎಂಬ ಅಡ್ವೈಸರ್ ತಮಿಳಿನಲ್ಲಿ ಹೀಗೆ ಹೇಳಿದ. ಹೇಳಿದ್ದು ಗುಣವತಿಗೆ, ಕಣ್ಣು ಮಾತ್ರ ಅವಳ ಪಕ್ಕದಲ್ಲಿ ಕೂತಿದ್ದ ಭಾವ ಕಾಂತಪ್ಪನವರ ಮೇಲೆ. ಗಂಡಸಿಗೆ ಅರ್ಥವಾದರೆ ಸಾಕು, ಹೆಂಗಸಿಗೆ ಮನೆಗೆ ಹೋದಮೇಲೆ ಅವರೇ ತಿಳಿಹೇಳುತ್ತಾರೆ ಎಂಬ ಹಾಗೆ.

ಗುಣವತಿ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು, ಸೀರೆಯ ಅಂಚನ್ನು ಮೊಣಕಾಲ ಕೆಳಗಿನವರೆಗೆ ಎತ್ತಿದಳು. ಎಡಗಾಲಿನ ಎರಡೂ ಬದಿಗೆ ಉಕ್ಕಿನ ಪಟ್ಟಿ, ನಡುವೆ ಚರ್ಮದ ಬೆಲ್ಟು, ಅಡಿಯಲ್ಲಿ ದಪ್ಪ ಬೂಟು.

“ನೋಡಪ್ಪ, ಮಗುವಾಗಿದ್ದಾಗ ಪೋಲಿಯೋ ಬಂದ ಕಾಲು ಇದು. ಗಾಡಿ ಹತ್ತಿದ ಮೇಲೆ ಇದನ್ನು ನಾನು ಕೈಯಲ್ಲಿ ಎತ್ತಿ ಒಳಗೆ ಇಟ್ಟುಕೊಳ್ಳಬೇಕು. ಇದು ಬ್ರೇಕ್ ಒತ್ತುತ್ತದಾ? ಒತ್ತಿ ತೋರಿಸಲಿಕ್ಕೆ ಇದಕ್ಕೆ ನೀನೇ ಹೇಳು.”

ಸುತ್ತ ಸೋಫಾಗಳಲ್ಲಿ ಕಾಯುತ್ತಿದ್ದವರು ತಿರುಗಿ ನೋಡಿದರು. ಅರವಿಂದನ ಮುಖ ಸಣ್ಣಗಾಯಿತು, ಆದರೆ ಬಾಯಿ ನಿಲ್ಲಲಿಲ್ಲ. “ಹಾಗಾದರೆ ಬಲಗಾಲಿನಲ್ಲೇ ಏನೋ ಆಗಿರಬೇಕು ಮೇಡಂ. ಒಟ್ಟಿನಲ್ಲಿ ಓಡಿಸುವ ರೀತಿ.”

ತಪ್ಪು ಎಡಗಾಲಿನದಲ್ಲದಿದ್ದರೆ ಬಲಗಾಲಿನದು. ಹೇಗೂ ಅವಳದೇ. ಗುಣವತಿಗೆ ಮೈಯೆಲ್ಲ ಉರಿದುಹೋಯಿತು.

ಪೆರಂಬೂರಿನಲ್ಲಿ, ರೈಲ್ವೆ ವರ್ಕ್‌ಶಾಪಿನ ಗೋಡೆಯ ಎದುರಿಗೆ ಅವರ ಮನೆತನದ ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಮಾವ ಬಂದು ಇಟ್ಟದ್ದು. ಗಲ್ಲಾದಲ್ಲಿ ಗಂಡನ ಅಣ್ಣ ಕಾಂತಪ್ಪನವರು, ಅಡುಗೆಮನೆಯಲ್ಲಿ ಗಂಡ ಸಂಜೀವ. ಗುಣವತಿ ಮದುವೆಯಾಗಿ ಬಂದಾಗ ಅವಳನ್ನು ತರಕಾರಿ ಹೆಚ್ಚುವ ಮಣೆಯ ಹತ್ತಿರ ಕೂರಿಸಿದ್ದರು. ಕಾಲಿಲ್ಲದವಳಿಗೆ ಕೂತು ಮಾಡುವ ಕೆಲಸ. ಮದುವೆ ಮನೆಗಳಿಗೆ ಊಟ ಕಳಿಸುವ ವ್ಯಾಪಾರವನ್ನು ಶುರುಮಾಡಿದವಳು ಅವಳು. ಬಾಡಿಗೆ ಗಾಡಿಯವರು ಮುಹೂರ್ತದ ದಿನವೇ ಕೈಕೊಡುತ್ತಾರೆಂದು, ಕ್ಲಚ್ ಇಲ್ಲದ ದೊಡ್ಡ ಗಾಡಿಯೊಂದನ್ನು ಹಳೆಯದಾದರೂ ಹುಡುಕಿ ತಂದು, ಲೈಸೆನ್ಸಿಗಾಗಿ ಆಫೀಸಿನಿಂದ ಆಫೀಸಿಗೆ ಅಲೆದು, ಸ್ಟೀರಿಂಗ್ ಹಿಡಿದವಳೂ ಅವಳೇ. ಹಿಂದಿನ ಸೀಟು ಕಳಚಿ ಸಾಂಬಾರಿನ ಕೊಳಗ, ಅನ್ನದ ಹಂಡೆ ಇಟ್ಟು ಅವಳು ಇಡೀ ಚೆನ್ನೈ ಸುತ್ತಿದ್ದಳು. ನಡೆಯುವಾಗ ಜನ ಅವಳ ಕಾಲು ನೋಡುತ್ತಿದ್ದರು. ಗಾಡಿಯಲ್ಲಿ ಕೂತರೆ ಉಳಿದವರ ಹಾಗೆ ಅವಳೂ ರಸ್ತೆಯಲ್ಲಿ ಹೋಗುವ ಒಬ್ಬಳು, ಅಷ್ಟೆ.

ಅಂಥ ಗಾಡಿ ಈ ವೈಶಾಖದಲ್ಲಿ ಪಲ್ಲಾವರಂ ಮೇಲ್ಸೇತುವೆ ಹತ್ತುವಾಗ ನಿಂತಿತು. ಮೀಟರಿನಲ್ಲಿ ಕೆಂಪು ದೀಪ ಹೊತ್ತಿತು, ಎಂಜಿನ್ನು ಕೂಗಿತು, ಚಕ್ರಕ್ಕೆ ಮಾತ್ರ ಕಸುವಿಲ್ಲ. ಕೆಳಗಿನಿಂದ ಸುಟ್ಟ ವಾಸನೆ. ತಣಿದ ಮೇಲೆ ಗಾಡಿ ತೆವಳಿಕೊಂಡು ಮದುವೆ ಛತ್ರ ಸೇರಿದಾಗ ಎಲೆ ಹಾಕಿ ಕೂತವರು ಎದ್ದುಹೋಗುತ್ತಿದ್ದರು. ಹೆಣ್ಣಿನ ತಂದೆ ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದ. ಅವಳು ಎದುರಾಡಲಿಲ್ಲ. ಹಸಿದವನ ಸಿಟ್ಟು ನ್ಯಾಯದ್ದು ಎಂದು ಅವಳಿಗೆ ಗೊತ್ತಿತ್ತು.

ಆದರೆ ಈ ಅರವಿಂದನ ಮಾತು ನ್ಯಾಯದ್ದಲ್ಲ.

“ಪೂರಾ ಗೇರ್‌ಬಾಕ್ಸ್ ಹೊಸದು ಹಾಕಬೇಕು ಸಾರ್,” ಎಂದು ಅವನು ಕಾಂತಪ್ಪನವರಿಗೆ ಹೇಳಿದ.

“ಕಾದದ್ದು ಯಾಕೆ ಅಂತ ಗೊತ್ತಾಗದೆ ಹೊಸದು ಹಾಕಿದರೆ ಅದು ಮಾತ್ರ ಕಾಯುವುದಿಲ್ಲವಾ?” ಗುಣವತಿ ಕೇಳಿದಳು. “ಅದರ ಎಣ್ಣೆ ತಣಿಯಲಿಕ್ಕೆ ಮೇಲಿಂದ ಏನಾದರೂ ಹಾಕಿಸುವ ಹಾಗೆ ಉಂಟಾ?”

“ಕಂಪನಿಯವರೇ ರೇಡಿಯೇಟರಿನ ಒಳಗೆ ಕೂಲರ್ ಕೊಟ್ಟಿದ್ದಾರೆ ಮೇಡಂ. ಅದರ ಮೇಲೆ ಇನ್ನೊಂದು ಹಾಕೋದು ರೇಸ್ ಹುಡುಗರ ಹುಚ್ಚು.”

ಸದ್ಯಕ್ಕೆ ಎಣ್ಣೆ ಬದಲಾಯಿಸಿ ಕೊಟ್ಟರು. ತೆಗೆದ ಎಣ್ಣೆಯನ್ನು ಅವಳು ಕೇಳಿ ನೋಡಿದಳು. ಕೆಂಪಗಿರಬೇಕಾದದ್ದು ಕಪ್ಪಾಗಿತ್ತು. ಬೋಂಡಾ ಕರಿದು ಕರಿದು ಸೋತ ಎಣ್ಣೆಯ ಕಮಟು ಅದಕ್ಕೂ ಇತ್ತು. ಎಣ್ಣೆ ಸುಡುವುದು ಸೌಟು ಹಿಡಿದವಳ ಕೈಯಿಂದಲ್ಲ, ಉರಿ ತಗ್ಗಿಸದಿದ್ದರೆ ಎಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ದಾರಿಯಲ್ಲಿ ಕಾಂತಪ್ಪನವರು ಮೆಲ್ಲಗೆ ತೆಗೆದರು. “ಗುಣವತೀ, ಹಠ ಯಾಕೆ? ಈ ಗಾಡಿ ಕೊಟ್ಟು ಸಾದಾ ಗಾಡಿ ತಗೊಳ್ಳುವ. ಒಬ್ಬ ಡ್ರೈವರನ್ನು ಇಡುವ. ನಿನಗೂ ವಿಶ್ರಾಂತಿ.”

“ವಿಶ್ರಾಂತಿ ಬೇಕು ಅಂತ ನಾನು ಯಾವಾಗ ಕೇಳಿದೆ ಭಾವ? ಅವನು ನನ್ನ ಕಾಲು ನೋಡದೆ ಹೇಳಿದ. ನೀವು ನೋಡಿಯೂ ಸುಮ್ಮನೆ ಕೂತಿರಿ.”

ಕಾಂತಪ್ಪನವರು ಕಿಟಕಿಯ ಕಡೆ ಮುಖ ಮಾಡಿದರು.

ಮಗಳು ವೀಕ್ಷಾ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಳು. ಕನ್ನಡ ಅವಳ ಕಿವಿಗೆ ಬರುತ್ತದೆ, ನಾಲಗೆಗೆ ಬರುವುದು ಹೆಚ್ಚಾಗಿ ತಮಿಳು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ತಾಯಿಮಗಳು ಫೋನ್ ಹಿಡಿದು ಕೂತರು. ಗೇರ್‌ಬಾಕ್ಸಿನ ಎಣ್ಣೆ ಎರಡು ಪೈಪಿನಲ್ಲಿ ಮುಂದಕ್ಕೆ ಹೋಗಿ, ರೇಡಿಯೇಟರಿನ ಕೆಳಗಿನ ತೊಟ್ಟಿಯಲ್ಲಿ ತಣಿದು ಹಿಂದಕ್ಕೆ ಬರುತ್ತದೆ. ಭಾರ ಎಳೆಯುವ ಗಾಡಿಗೆ, ಬಿಸಿಲೂರಿಗೆ ಅದು ಸಾಲದಿದ್ದರೆ ಮುಂದೆ ಗಾಳಿಗೆ ಇನ್ನೊಂದು ಸಣ್ಣ ಕೂಲರ್ ಕಟ್ಟುತ್ತಾರೆ. ಅಷ್ಟು ಅರ್ಥವಾಯಿತು. ರೇಸ್ ಹುಡುಗರ ಹುಚ್ಚೇನೂ ಅಲ್ಲ. ಸಾಮಾನು ಹೊರುವವರು, ಬೆಟ್ಟ ಹತ್ತುವವರು ಎಲ್ಲರೂ ಹಾಕಿಸುವಂಥದ್ದು.

“ಅಮ್ಮಾ, ಇದು ವೇಂಡಾ,” ಎಂದು ಬೇಡವೆನ್ನುತ್ತ ತಲೆಯಾಡಿಸಿದಳು ವೀಕ್ಷಾ, ಬಳ್ಳಿಯ ಹಾಗೆ ಸುತ್ತಿದ ಒಂದೇ ಕೊಳವೆಯ ಚಿತ್ರ ತೋರಿಸಿ. “ಪ್ಲೇಟ್ ಟೈಪೇ ಒಳ್ಳೇದು, ನಲ್ಲದು. ಸಣ್ಣ ಜಾಗದಲ್ಲೇ ಜಾಸ್ತಿ ಕೂಲ್ ಆಗುತ್ತೆ.”

“ದೊಡ್ಡದೇ ತಗೊಂಡರೆ ಆಗದಾ?”

“ತುಂಬ ದೊಡ್ಡದಾದರೆ ಏಸಿಗೆ ಗಾಳಿ ಹೋಗಲ್ಲಮ್ಮಾ. ಆಮೇಲೆ ನೀನೇ ಬೈತೀಯ.”

ಗುಣವತಿ ಹೊಲಿಗೆಯ ಟೇಪು ತಂದು, ಜಾಲರಿಯ ಸಂದಿಯಿಂದ ಕೈ ತೂರಿಸಿ ಅಳೆದಳು. ಎಣ್ಣೆ ತೀರ ತಣ್ಣಗಾದರೆ ತಡೆಯುವ ಒಂದು ಬಾಗಿಲಿನಂಥದ್ದೂ ಕೆಲವು ಕೂಲರುಗಳಲ್ಲಿ ಇರುತ್ತದಂತೆ. ಅದನ್ನು ಓದಿ ಅವಳಿಗೆ ಇಡೀ ದಿನದಲ್ಲಿ ಮೊದಲ ಸಲ ನಗು ಬಂತು. ಚೆನ್ನೈಯಲ್ಲಿ ಎಣ್ಣೆಗೆ ಚಳಿ!

ಒಂದು ದಿನ ಬಿಟ್ಟು ಅವಳು ಗಾಡಿಯನ್ನು ಪೆರಂಬೂರಿನಲ್ಲೇ ಇದ್ದ ರುದ್ರಮುನಿಯ ಗ್ಯಾರೇಜಿಗೆ ಒಯ್ದಳು. ಅವನ ಅಜ್ಜ ಗದಗದಿಂದ ರೈಲ್ವೆ ಕೆಲಸಕ್ಕೆ ಬಂದವನು. ಮೂರು ತಲೆಮಾರು ಕಳೆದರೂ ಮನೆಯ ಮಾತು ಬಿಟ್ಟಿಲ್ಲ. ಕೆಲಸಗಾರ, ಆದರೆ ಆತುರದವನು, ಜಂಭದವನು. ಕೂಲರ್ ಎಂದ ಕೂಡಲೇ ಒಳಗಿನಿಂದ ಫ್ಯಾನು ಜೋಡಿಸಿದ ದೊಡ್ಡದೊಂದನ್ನು ಹೊತ್ತು ತಂದ.

“ಇದನ್ನ ಹಾಕ್ತೀನ್ರಿ ಅಕ್ಕಾರ. ಲಾರಿಗೂ ಸಾಕಾಗ್ತೈತಿ.”

“ನನ್ನದು ಲಾರಿ ಅಲ್ಲ ರುದ್ರಮುನಿಯವರೇ.” ಅವಳು ಟೇಪು ಹಿಡಿದಳು. “ಇದು ಏಸಿಯ ಮುಖವನ್ನೇ ಮುಚ್ಚುತ್ತದೆ. ಪ್ಲೇಟಿನದ್ದು ಬೇಕು, ಇಷ್ಟಗಲ. ಹೋಸು ಎಣ್ಣೆಯದ್ದೇ ಆಗಬೇಕು, ಪೆಟ್ರೋಲಿನದ್ದು ಹಾಕಬೇಡಿ, ಬಿಸಿ ಎಣ್ಣೆಗೆ ಅದು ಉಬ್ಬುತ್ತದಂತೆ.”

“ಎಲ್ಲಾ ಓದ್ಕೊಂಡ ಬಂದೀರಿ ಬಿಡ್ರಿ,” ಎಂದು ಅವನು ಮುಖ ಗಂಟಿಕ್ಕಿದ. ಆದರೂ ಹುಡುಗನನ್ನು ಕಳಿಸಿ ಅವಳು ಹೇಳಿದ್ದನ್ನೇ ತರಿಸಿದ. “ಗಾಡಿ ಬಿಟ್ಟು ಹೋಗ್ರಿ, ಸಂಜಿಗೆ ಬರ್ರಿ.”

“ನಾನು ಇಲ್ಲೇ ಕೂತಿರುತ್ತೇನೆ.”

ಟೈರು ಸುರಿದಿದ್ದ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೇಬಿಟ್ಟಳು. ರುದ್ರಮುನಿ ಬಂಪರು ಬಿಚ್ಚಿದ. ಏಸಿಯ ಜಾಲರಿಯ ಮುಂದೆ ಹೊಸ ಕೂಲರನ್ನು ಹಿಡಿದು ನೋಡಿ, ಜೇಬಿನಿಂದ ನೈಲಾನ್ ಟ್ಯಾಗುಗಳನ್ನು ತೆಗೆದು, ಜಾಲರಿಯ ನಡುವೆ ತೂರಿಸಿ ಕಟ್ಟಲು ಹೊರಟ.

“ನಿಲ್ಲಿ. ಹಾಗೆ ಕಟ್ಟಬೇಡಿ.”

“ಯಾಕ್ರಿ? ಎಲ್ಲಾರೂ ಹಿಂಗ ಕಟ್ಟೂದು.”

“ನಮ್ಮ ರಸ್ತೆಯಲ್ಲಿ ಅದು ಅಲ್ಲಾಡಿ ಅಲ್ಲಾಡಿ ಜಾಲರಿ ಹರಿಯುತ್ತದೆ. ಪಟ್ಟಿ ಮಾಡಿ ಚೌಕಟ್ಟಿಗೆ ಬೋಲ್ಟ್ ಹಾಕಿ. ಎರಡರ ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿ.”

ರುದ್ರಮುನಿ ಸ್ಪ್ಯಾನರನ್ನು ಠಣ್ಣೆಂದು ನೆಲಕ್ಕೆ ಹಾಕಿದ. “ನೀವು ಹೋಟೆಲ್ ನಡಸ್ತೀರೋ, ಗ್ಯಾರೇಜ್ ನಡಸ್ತೀರೋ? ಹೆಣ್ಮಕ್ಕಳು ಕೂತು ಕಾಯೂ ಜಾಗಾ ಅಲ್ರಿ ಇದು. ನಿಮ್ಮ ಯಜಮಾನ್ರನ್ನ ಕಳಸ್ರಿ, ಅವರ ಜೋಡಿ ಮಾತಾಡ್ತೀನಿ.”

ಮೊನ್ನೆಯಿಂದ, ಅಲ್ಲ, ಎಷ್ಟೋ ವರ್ಷಗಳಿಂದ ಕೂಡಿಟ್ಟದ್ದು ಗುಣವತಿಯ ಬಾಯಿಗೆ ಬಂತು. ಅವಳು ಕೋಲೂರಿ ಎದ್ದಳು.

“ನನ್ನ ಯಜಮಾನರಿಗೆ ಗಾಡಿಯ ಬಾಗಿಲು ತೆಗೆಯಲಿಕ್ಕೆ ಬರುತ್ತದೆ, ಅಷ್ಟೇ. ಓಡಿಸುವವಳು ನಾನು. ದಾರಿಯಲ್ಲಿ ಅದು ನಿಂತರೆ ಬೈಗುಳ ತಿನ್ನುವವಳು ನಾನು. ಸರ್ವೀಸಿನವನು ಭಾವನ ಹತ್ತಿರ ಮಾತಾಡುತ್ತಾನೆ, ನಿಮಗೆ ಗಂಡ ಬೇಕು. ನನ್ನ ಗಾಡಿಯ ಬಗ್ಗೆ ನನ್ನ ಹತ್ತಿರ ಮಾತಾಡಲಿಕ್ಕೆ ಈ ಊರಿನಲ್ಲಿ ಒಬ್ಬರಿಗೂ ಬಾಯಿ ಇಲ್ಲವಾ? ಬೋಲ್ಟ್ ಹಾಕುತ್ತೀರೋ, ಬಂಪರು ಹಾಗೇ ಡಿಕ್ಕಿಯಲ್ಲಿ ಹಾಕಿಕೊಂಡು ಬೇರೆ ಕಡೆ ಹೋಗಲೋ, ಹೇಳಿ.”

ರುದ್ರಮುನಿ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ. “ಹಾಕ್ತೀನ್ರಿ. ಸಿಟ್ಟಾಗಬ್ಯಾಡ್ರಿ,” ಎಂದ, ಅಷ್ಟೇನೂ ಮೆತ್ತಗಲ್ಲದ ದನಿಯಲ್ಲಿ. ಕಬ್ಬಿಣದ ಪಟ್ಟಿ ಕೊಯ್ದು, ಬಗ್ಗಿಸಿ, ಅಡಿಗೆ ರಬ್ಬರಿಟ್ಟು ಬೋಲ್ಟ್ ಬಿಗಿದ. ಈಗ ಪೈಪು ಜೋಡಿಸುವುದಷ್ಟೇ ಬಾಕಿ.

“ರೇಡಿಯೇಟರಿನಿಂದ ಹಿಂದಕ್ಕೆ ಹೋಗುವ ಪೈಪಿಗೆ ಇದನ್ನು ಸೇರಿಸಬೇಕು ಅಲ್ವಾ?” ಗುಣವತಿ ಬಗ್ಗಿ ಇಣುಕಿದಳು. “ಆ ಪೈಪು ಯಾವುದು?”

“ಇಲ್ಲೇ ಕೆಳಗ ಇರ್ತೈತ್ರಿ.” ರುದ್ರಮುನಿ ಗಾಡಿಯ ಕೆಳಗೆ ಮಲಗಿ ಟಾರ್ಚು ಬಿಟ್ಟ. ಬೆಳಕು ಅತ್ತಿತ್ತ ಹರಿದಾಡಿ ಒಂದೇ ಕಡೆ ನಿಂತಿತು.

“ಸಿಗಲಿಲ್ಲವಾ?”

“ಅಕ್ಕಾರ…” ಅವನ ದನಿ ಬೇರೆಯಾಗಿತ್ತು. “ಈ ಗಾಡಿಗೆ ಹಿಂದಕ ಏನರ ಆಕ್ಸಿಡೆಂಟ್ ಆಗಿತ್ತೇನ್ರಿ?”

ಆಗಿತ್ತು. ಹೋದ ವರ್ಷ ಕೋಯಂಬೇಡು ಮಾರ್ಕೆಟ್ಟಿನಲ್ಲಿ ತರಕಾರಿ ಲಾರಿಯೊಂದು ಹಿಮ್ಮುಖವಾಗಿ ಬಂದು ಗಾಡಿಯ ಮೂತಿ ಜಜ್ಜಿತ್ತು. ಬಂಪರು, ದೀಪ, ರೇಡಿಯೇಟರ್ ಎಲ್ಲ ಹೊಸದಾಗಿ ಹಾಕಿಕೊಟ್ಟವರು ಅಣ್ಣಾ ನಗರದ ಅದೇ ಸರ್ವೀಸ್ ಸೆಂಟರಿನವರು.

“ನೀವೇ ನೋಡ್ರಿ ಬರ್ರಿ.”

ನೆಲಕ್ಕೆ ಗೋಣಿ ಹಾಸಿದ. ಗುಣವತಿ ಕೈಯೂರಿ, ಉಕ್ಕಿನ ಕಾಲನ್ನು ಬದಿಗೆ ಚಾಚಿ ಮಲಗಿದಳು. ಗೇರ್‌ಬಾಕ್ಸಿನಿಂದ ಬಂದ ಎರಡು ಪೈಪುಗಳು ರೇಡಿಯೇಟರಿನ ಹತ್ತಿರ ಬಂದಿದ್ದವು. ಆದರೆ ಅದರೊಳಗೆ ಹೋಗಿರಲಿಲ್ಲ. ಒಂದರ ಬಾಯಿಯಿಂದ ಇನ್ನೊಂದರ ಬಾಯಿಗೆ ಗೇಣುದ್ದದ ರಬ್ಬರ್ ಹೋಸೊಂದನ್ನು ಬಗ್ಗಿಸಿ ಸಿಕ್ಕಿಸಿ ಕ್ಲಿಪ್ಪು ಹಾಕಿತ್ತು. ರೇಡಿಯೇಟರಿನ ತಳದಲ್ಲಿ ಎಣ್ಣೆ ಒಳಹೋಗುವ ಮೂತಿಯೇ ಇರಲಿಲ್ಲ.

“ಇದು ಗೇರ್ ಹಾಕಿ ಓಡ್ಸೂ ಗಾಡಿ ರೇಡಿಯೇಟರ್ ರೀ. ಅದಕ್ಕ ಎಣ್ಣಿ ಕೂಲರ್ ಇರೂದುಲ್ಲ. ಆಟೊಮ್ಯಾಟಿಕ್‌ದು ಸಿಕ್ಕಿಲ್ಲ, ಕೈಗೆ ಸಿಕ್ಕಿದ್ದು ಹಾಕಿ, ಪೈಪಿಗೆ ಪೈಪು ಗಂಟ್ ಹಾಕಿಬಿಟ್ಟಾರ. ಎಣ್ಣಿ ಬಿಸಿ ಬಿಸಿ ಹೋಗತೈತಿ, ಬಿಸಿ ಬಿಸಿ ವಾಪಸ್ ಬರತೈತಿ. ಒಂದು ವರ್ಷ ಹೆಂಗ ಓಡ್ತೋ ಆ ಶಿವಗ ಗೊತ್ತು.”

ಗುಣವತಿ ಗೋಣಿಯ ಮೇಲೆ ಹಾಗೇ ಮಲಗಿದ್ದಳು. ಕಣ್ಣಿನ ಮುಂದೆ ಆ ರಬ್ಬರ್ ತುಂಡು. ಒಂದು ವರ್ಷ. ಎಷ್ಟು ಮದುವೆ, ಎಷ್ಟು ಸೇತುವೆ. ಇದನ್ನು ಸಿಕ್ಕಿಸಿದ ಕೈಗೆ ಗೊತ್ತಿತ್ತು. ಮೊನ್ನೆ ಎಣ್ಣೆ ಬದಲಾಯಿಸಿದವನು ಇದರ ಕೆಳಗೇ ನಿಂತಿದ್ದ. ಎಲ್ಲ ಗೊತ್ತಿದ್ದೂ ಅವಳನ್ನು ಕೂರಿಸಿ, ನಿನ್ನ ಕಾಲಿನ ತಪ್ಪು ಎಂದರು. ಆಮೇಲೆ ಅವಳೂ, ಸುಳ್ಳೇಕೆ, ರಾತ್ರಿ ಮಲಗಿ ತನ್ನ ಬಲಗಾಲನ್ನು ಅನುಮಾನಿಸಿದ್ದಳು. ಅದು ನೆನಪಾದದ್ದೇ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು.

“ಬಂಪರು ಹಾಕಬೇಡಿ,” ಎಂದಳು ಎದ್ದು ಕೂತು. “ಹೋಸು ಮುಟ್ಟಬೇಡಿ. ಹೀಗೇ ಅವರ ಬಾಗಿಲಿಗೆ ಕೊಂಡುಹೋಗುವ.”

ಮರುದಿನ ಬೆಳಗ್ಗೆ, ಬಿಸಿಲೇರುವ ಮೊದಲು, ಅವಳೇ ಓಡಿಸಿದಳು. ಪಕ್ಕದಲ್ಲಿ ಕಾಂತಪ್ಪನವರು, ಅವಳು ಕರೆದಿರಲಿಲ್ಲ, ರುದ್ರಮುನಿ ತೆಗೆದ ಫೋಟೋ ನೋಡಿ ತಾವಾಗಿ ಹತ್ತಿದ್ದರು. ಮೂತಿ ಕಿತ್ತು ಹಲ್ಲು ತೋರಿಸುತ್ತಿದ್ದ ಗಾಡಿಯನ್ನು ಅವಳು ಸರ್ವೀಸ್ ಸೆಂಟರಿನ ಗಾಜಿನ ಬಾಗಿಲಿನ ಎದುರಿಗೇ, ಹೊಸ ಕಾರುಗಳನ್ನು ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿದಳು. ಕಾವಲಿನವನು ಸೀಟಿ ಊದುತ್ತ ಓಡಿಬಂದ. ಅವನ ಹಿಂದೆ ಅರವಿಂದ್, ಅವನ ಹಿಂದೆ ಟೈ ಕಟ್ಟಿದ ಮ್ಯಾನೇಜರ್.

“ಸಾರ್, ಒಳಗೆ ಬನ್ನಿ, ಕಾಫಿ ಕುಡಿಯುತ್ತ ಮಾತಾಡೋಣ,” ಎಂದು ಮ್ಯಾನೇಜರ್ ಕಾಂತಪ್ಪನವರ ಮೊಣಕೈ ಹಿಡಿದ.

ಕಾಂತಪ್ಪನವರು ಕೈ ಬಿಡಿಸಿಕೊಂಡರು. “ಕಾಫಿ ನಮ್ಮ ಹೋಟೆಲಿನಲ್ಲೇ ಚೆನ್ನಾಗಿರುತ್ತದೆ. ನನಗೆ ಸೈಕಲ್ ಬಿಟ್ಟು ಏನೂ ಓಡಿಸಲು ಬರುವುದಿಲ್ಲ ಸ್ವಾಮಿ. ಗಾಡಿ ಅವಳದು. ಅವಳ ಹತ್ತಿರ ಮಾತಾಡಿ.” ಇಷ್ಟು ಹೇಳಿ ಒಂದು ಹೆಜ್ಜೆ ಹಿಂದೆ ನಿಂತರು.

ಗುಣವತಿ ಬಾಗಿಲಿಗೆ ಆತುಕೊಂಡು ನಿಂತಳು. ಸ್ವರ ಏರಿಸಲಿಲ್ಲ. “ಅರವಿಂದ್, ಇಲ್ಲಿ ಬಾ. ರೇಡಿಯೇಟರಿನ ಒಳಗೆ ಕಂಪನಿಯವರು ಕೂಲರ್ ಕೊಟ್ಟಿದ್ದಾರೆ ಅಂದೆಯಲ್ಲ, ತೋರಿಸು. ಎಣ್ಣೆ ಎಲ್ಲಿಂದ ಒಳಗೆ ಹೋಗುತ್ತದೆ? ಬೆರಳಿಟ್ಟು ತೋರಿಸು.”

ಅರವಿಂದ್ ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ. ಸರ್ವೀಸಿಗೆ ಬಂದವರು ಒಬ್ಬೊಬ್ಬರಾಗಿ ಸುತ್ತ ಸೇರಿದರು; ಒಬ್ಬರು ವಯಸ್ಸಾದ ಹೆಂಗಸು ತಾವೂ ಬಗ್ಗಿ ನೋಡಿ, “ಅಯ್ಯೋ, ರಬ್ಬರ್ ಸಿಕ್ಕಿಸಿದ್ದಾರೆ!” ಎಂದು ತಮಿಳಿನಲ್ಲಿ ಜೋರಾಗಿಯೇ ಹೇಳಿದರು.

“ಏನೋ ಕಮ್ಯುನಿಕೇಶನ್ ಗ್ಯಾಪ್ ಆಗಿದೆ ಮೇಡಂ,” ಎಂದ ಮ್ಯಾನೇಜರ್. ಆ ಬೆಳಗ್ಗೆ ಅವನು ಮೇಡಂ ಎಂದದ್ದು ಅದೇ ಮೊದಲು. “ಆಗ ಪಾರ್ಟ್ ಸ್ಟಾಕಿನಲ್ಲಿ ಇರಲಿಲ್ಲ. ಮದುವೆ ಸೀಸನ್, ಬೇಗ ಬೇಕು ಅಂತ ನೀವೇ ಕೇಳಿದ್ರಿ…”

“ಬೇಗ ಬೇಕು ಅಂದೆ. ಸುಳ್ಳು ಬೇಕು ಅನ್ನಲಿಲ್ಲ. ಇದು ತಾತ್ಕಾಲಿಕ, ಭಾರ ಹಾಕಬೇಡಿ, ಆಮೇಲೆ ಬಂದು ಬದಲಾಯಿಸಿಕೊಳ್ಳಿ ಅಂತ ಒಂದು ಮಾತು ಹೇಳಿದ್ದರೆ ನಾನು ಬಾಡಿಗೆ ಗಾಡಿ ಮಾಡಿಕೊಳ್ಳುತ್ತಿದ್ದೆ. ಮುಚ್ಚಿಟ್ಟಿರಿ. ಸುಟ್ಟುಹೋದ ಮೇಲೆ ನನ್ನ ಕಾಲಿನ ಮೇಲೆ ಹಾಕಿದಿರಿ. ಈಗ ಎಲ್ಲರ ಮುಂದೆ ಹೇಳಿ: ತಪ್ಪು ಯಾರದು?”

ಮ್ಯಾನೇಜರ್ ಸರಿಯಾದ ರೇಡಿಯೇಟರನ್ನು ತಮ್ಮ ಖರ್ಚಿನಲ್ಲೇ ಹಾಕಿಕೊಡುತ್ತೇವೆ ಎಂದ, ಗಾಡಿ ತೊಳೆದು ಪಾಲಿಶ್ ಮಾಡಿಕೊಡುತ್ತೇವೆ ಎಂದ, ತಪ್ಪು ಎಂಬ ಶಬ್ದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದ. ಪಾಲಿಶ್ ಬೇಡ ಎಂದಳು ಗುಣವತಿ. ರೇಡಿಯೇಟರ್ ಎಲ್ಲಿಂದಲೋ ಮಧ್ಯಾಹ್ನದೊಳಗೆ ಬಂತು; ವರ್ಷವಿಡೀ ಸಿಗದಿದ್ದದ್ದು! ಗಿರಾಕಿಗಳು ಒಳಗೆ ಬರುವಂತಿಲ್ಲ ಎಂದು ಬೋರ್ಡು ಹಾಕಿದ್ದ ಶೆಡ್ಡಿನೊಳಗೆ ಅವಳು ಕುರ್ಚಿ ಹಾಕಿಸಿಕೊಂಡು ಕೂತು, ಎರಡು ಪೈಪುಗಳೂ ಅದರ ಮೂತಿಗೆ ಸೇರಿ ಬಿಗಿಯುವುದನ್ನು ಕಣ್ಣಾರೆ ನೋಡಿದಳು.

ಆಮೇಲೆ ಗ್ಯಾರೇಜಿನಲ್ಲಿ ರುದ್ರಮುನಿ, ಆಗಲೇ ಮುಂದೆ ಬಿಗಿದಿದ್ದ ಹೊಸ ಕೂಲರಿಗೆ ಪೈಪು ಜೋಡಿಸಿದ. ರೇಡಿಯೇಟರಿನಲ್ಲಿ ತಣಿದ ಎಣ್ಣೆ ಮತ್ತೆ ಗಾಳಿಯಲ್ಲಿ ತಣಿದು ಗೇರ್‌ಬಾಕ್ಸಿಗೆ ಮರಳುವ ಹಾಗೆ. ಪ್ರತಿ ಜೋಡಣೆಗೂ ಎರಡೆರಡು ಕ್ಲಿಪ್ಪು. ಹೋಸು ಲೋಹಕ್ಕೆ ಉಜ್ಜುವ ಕಡೆ, ಅವಳು ಹೇಳದೆಯೇ, ಅವನೇ ರಬ್ಬರ್ ತೋಳು ತೊಡಿಸಿದ. ಎಂಜಿನ್ ಚಾಲೂ ಇಟ್ಟು, ಕೂಲರಿಗೆ ಹೋದಷ್ಟು ಎಣ್ಣೆಯನ್ನು ಮತ್ತೆ ತುಂಬಿದ. ಸ್ಟೀರಿಂಗ್ ಪಕ್ಕದಲ್ಲಿ ಎಣ್ಣೆಯ ಬಿಸಿ ತೋರಿಸುವ ಸಣ್ಣ ಮೀಟರೂ ಬಂತು.

“ಗೇರ್‌ಬಾಕ್ಸಿಗೆ ಆದ ಪೆಟ್ಟು ಪೂರಾ ಹೋಗೂದುಲ್ರಿ ಅಕ್ಕಾರ,” ಎಂದ ಅವನು. “ಬದಲಾಗೂವಾಗ ಒಂದ್ ಸಣ್ಣ ಜರ್ಕ್ ಉಳಿತೈತಿ. ಸುಳ್ಳು ಹೇಳೂದುಲ್ಲ ನಿಮ್ಮ ಮುಂದ.”

ಆ ಜಗ್ಗು ಉಳಿಯಿತು. ಅದು ಬಂದಾಗಲೆಲ್ಲ ಗುಣವತಿಯ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ವೀಕ್ಷಾಳ ನೆರವಿನಿಂದ ಅವಳು ಗ್ರಾಹಕರ ಕೋರ್ಟಿನಲ್ಲಿ ದೂರು ಕೊಟ್ಟಳು. ಬಿಟ್ಟುಬಿಡು, ರೇಡಿಯೇಟರ್ ಕೊಟ್ಟರಲ್ಲ ಎಂದು ಸಂಜೀವ ಒಂದು ಸಲ ಹೇಳಿ ನೋಡಿದ.

“ರೇಡಿಯೇಟರ್ ಕೊಟ್ಟರು. ನನಗೆ ಬೇಕಾದ ಮಾತು ಕೊಡಲಿಲ್ಲ,” ಎಂದಳು.

ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ ತಿರುತ್ತಣಿ ಬೆಟ್ಟದ ಮೇಲೆ ಬಂತು. ತುಂಬಿದ ಹಂಡೆಗಳನ್ನು ಹೊತ್ತು ಗಾಡಿ ತಿರುವುಗಳನ್ನು ಹತ್ತಿತು. ಕಾಂತಪ್ಪನವರು ಮುಂದಿನ ಸೀಟಿನಲ್ಲಿ ಕೂತು ದಾರಿಗಿಂತ ಹೆಚ್ಚು ಆ ಸಣ್ಣ ಮೀಟರನ್ನೇ ನೋಡುತ್ತಿದ್ದರು. ಮುಳ್ಳು ಸ್ವಲ್ಪ ಏರಿತು, ಅಲ್ಲೇ ನಿಂತಿತು. ಮೇಲೆ ಛತ್ರದ ಮೇಸ್ತ್ರಿ ಕೈ ಬೀಸುತ್ತ ಬಂದು, ಕಿಟಕಿಯಿಂದ ಕಾಂತಪ್ಪನವರನ್ನು ಕೇಳಿದ: “ಡ್ರೈವರ್ ಎಲ್ಲಿ ಸಾರ್? ಗಾಡಿ ಹಿಂದಕ್ಕೆ ತಗೊಂಡು ಅಡುಗೆಮನೆ ಬಾಗಿಲಿಗೆ ಹಚ್ಚಲು ಹೇಳಿ.”

ಅವನು ನಿಂತಿದ್ದ ಕಡೆಗೆ ಸ್ಟೀರಿಂಗಿನ ಹಿಂದೆ ಕೂತಿದ್ದ ಗುಣವತಿ ಕಾಣುತ್ತಿರಲಿಲ್ಲವೆಂದಲ್ಲ.

“ನಾನೇ,” ಎಂದಳು ಅವಳು. “ನೀವು ಸ್ವಲ್ಪ ಸರಿದು ನಿಲ್ಲಿ. ಕಾಲ ಮೇಲೆ ಹತ್ತೀತು.”

ಮೇಸ್ತ್ರಿ ಪಟ್ಟನೆ ಹಿಂದೆ ಸರಿದ. ಅವಳು ಕನ್ನಡಿ ನೋಡಿ, ಒಂದೇ ಪಟ್ಟಿನಲ್ಲಿ ಗಾಡಿಯನ್ನು ಬಾಗಿಲಿಗೆ ಹಚ್ಚಿ, ಅನ್ನ ಆರುವ ಮೊದಲು ಇಳಿಸಿಕೊಳ್ಳಿ ಎಂದು ಕೂಗಿದಳು.